ಹೆಡ್‌ಫೋನ್‌ಗೆ ಡ್ಯಾಕ್, ಆಂಪ್ ಕೊಳ್ಳುವ ಮೊದಲು ಒಂದಿಷ್ಟು ಲೆಕ್ಕ

ಪ್ರಶ್ನೆ: ನನ್ನ ಹತ್ತಿರ ಸೆನ್‌ಹೈಸರ್ ಎಚ್‌ಡಿ 800 ಎಸ್ ಹೆಡ್‌ಫೋನ್ ಇದೆ. ಸದ್ಯಕ್ಕೆ ಲ್ಯಾಪ್‌ಟಾಪ್‌ನ ಜ್ಯಾಕ್‌ಗೇ ಹಾಕಿ ಕೇಳುತ್ತಿದ್ದೇನೆ. ವಿವರ ತುಂಬಾ ಚೆನ್ನಾಗಿ ಕೇಳುತ್ತದೆ. ಆದರೆ ಬೇಸ್ ತೆಳು ಅನ್ನಿಸುತ್ತದೆ, ಪಿಟೀಲು ಮತ್ತು ಹೆಣ್ಣು ದನಿ ಕೆಲವೊಮ್ಮೆ ಕಿವಿಗೆ ಚುಚ್ಚುತ್ತದೆ. 300 ಓಮ್ ಹೆಡ್‌ಫೋನ್‌ಗೆ ದೊಡ್ಡ ಆಂಪ್ ಇಲ್ಲದೆ ಆಗುವುದಿಲ್ಲ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಒಳ್ಳೆ 'ವಾರ್ಮ್', ಅಂದರೆ ಬೆಚ್ಚಗೆ ಮೃದುವಾಗಿ ಕೇಳುವ, ಡ್ಯಾಕ್ ತಗೊಂಡರೆ ಚುಚ್ಚುವುದು ನಿಲ್ಲುತ್ತದೆ ಎಂದು ಇನ್ನೊಬ್ಬ. ಮುಂದೆ ಹೈಫೈಮನ್ ಸುಸ್ವರಾ ಹೆಡ್‌ಫೋನ್ ಕೊಳ್ಳುವ ಆಸೆಯೂ ಇದೆ. ಡ್ಯಾಕ್‌ಗೆ ಎಷ್ಟು ಹಣ, ಆಂಪ್‌ಗೆ ಎಷ್ಟು? ಟ್ಯೂಬ್ ಆಂಪ್ ಹೇಗೆ? ಬ್ಯಾಲೆನ್ಸ್ಡ್ ಬೇಕಾ? ಕೇಬಲ್ ಬದಲಿಸಬೇಕಾ?

ಉತ್ತರ: ಮೊದಲ ಗೆಳೆಯನ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಎರಡನೆಯವನ ಮಾತಿನಲ್ಲಿ ಇಲ್ಲ. ಬೇಸ್ ತೆಳು, ಮೇಲಿನ ಸ್ವರ ಚೂಪು ಎಂಬ ನಿಮ್ಮ ಎರಡೂ ದೂರುಗಳ ಮೂಲ ಹೆಡ್‌ಫೋನ್‌ನಲ್ಲೇ ಇದೆ. ಅದನ್ನು ಸರಿಮಾಡುವ ದಾರಿಯೂ ಇದೆ, ಮತ್ತು ಅದು ಪುಕ್ಕಟೆ. ಅದಕ್ಕೆ ಆಮೇಲೆ ಬರುತ್ತೇನೆ. ನೀವು ಕೊಳ್ಳಬೇಕಾದ ಪೆಟ್ಟಿಗೆಗಳ ವಿಷಯ ಮೊದಲು ಮುಗಿಸೋಣ. ಹಾಡಿನ ಡಿಜಿಟಲ್ ಅಂಕಿಗಳನ್ನು ವಿದ್ಯುತ್ ಸಿಗ್ನಲ್ ಮಾಡುವುದು ಡ್ಯಾಕ್, ಆ ಸಿಗ್ನಲ್‌ಗೆ ಬಲ ಕೊಟ್ಟು ಹೆಡ್‌ಫೋನ್ ಓಡಿಸುವುದು ಆಂಪ್. ಆಂಪ್ ಆರಿಸುವುದಕ್ಕೆ ಕಿವಿಗಿಂತ ಕ್ಯಾಲ್ಕುಲೇಟರ್ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಡ್ಯಾಕ್ ಆರಿಸುವುದು ಇನ್ನೂ ಸುಲಭ.

'300 ಓಮ್, ಹಾಗಾಗಿ ಕಷ್ಟ' ಅನ್ನುವುದು ಅರ್ಧ ಮಾಹಿತಿ. ಇಷ್ಟು ವೋಲ್ಟ್ ಕೊಟ್ಟರೆ ಎಷ್ಟು ಕರೆಂಟ್ ಹರಿಯುತ್ತದೆ ಎಂದು ಹೇಳುವುದು ಓಮ್. ಸದ್ದು ಎಷ್ಟು ಬರುತ್ತದೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಸೆನ್ಸಿಟಿವಿಟಿ ನೋಡಬೇಕು. ಇಲ್ಲೊಂದು ಗೊಂದಲ ಇದೆ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು 1 ವೋಲ್ಟ್‌ಗೆ ಎಷ್ಟು ಡೆಸಿಬೆಲ್ ಎಂದು ಕೊಡುತ್ತವೆ. ಕೆಲವು 1 ಮಿಲಿವ್ಯಾಟ್‌ಗೆ ಎಷ್ಟು ಎಂದು ಕೊಡುತ್ತವೆ. ಎರಡೂ 'ಡೆಸಿಬೆಲ್' ಅಂತಲೇ ಕಾಣುತ್ತವೆ, ಜನ ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ, ಲೆಕ್ಕ ಕೆಡುತ್ತದೆ.

ಮಿಲಿವ್ಯಾಟ್‌ನ ಅಂಕಿಯನ್ನು ವೋಲ್ಟ್‌ಗೆ ಬದಲಿಸುವುದು ಕಷ್ಟವೇನಲ್ಲ. 1000ವನ್ನು ಓಮ್‌ನಿಂದ ಭಾಗಿಸಿ, ಅದರ ಲಾಗ್ ತೆಗೆದು, 10ರಿಂದ ಗುಣಿಸಿ, ಬಂದದ್ದನ್ನು ಕೂಡಿಸಿ. 300 ಓಮ್‌ಗೆ ಸುಮಾರು 5 ಕೂಡಿಸಬೇಕು, 60 ಓಮ್‌ಗೆ 12, 32 ಓಮ್‌ಗೆ 15.

ನಿಮ್ಮ ಎಚ್‌ಡಿ 800 ಎಸ್‌ಗೆ ಕಂಪನಿ ಕೊಡುವ ಅಂಕಿ 1 ವೋಲ್ಟ್‌ಗೆ 102 ಡೆಸಿಬೆಲ್. ಸುಸ್ವರಾ 60 ಓಮ್, 1 ಮಿಲಿವ್ಯಾಟ್‌ಗೆ 83 ಡೆಸಿಬೆಲ್. ವೋಲ್ಟ್‌ಗೆ ಬದಲಿಸಿದರೆ 95. ಅಂದರೆ ಒಂದೇ ವೋಲ್ಟ್ ಕೊಟ್ಟಾಗ 60 ಓಮ್‌ನ ಸುಸ್ವರಾ, 300 ಓಮ್‌ನ ನಿಮ್ಮ ಹೆಡ್‌ಫೋನ್‌ಗಿಂತ 7 ಡೆಸಿಬೆಲ್ ಕಡಿಮೆ ಸದ್ದು ಮಾಡುತ್ತದೆ. ಅದರ ಮೇಲೆ 5 ಪಟ್ಟು ಕರೆಂಟ್ ಬೇರೆ ಎಳೆಯುತ್ತದೆ. ಓಮ್ ಕಡಿಮೆ ಇದ್ದರೆ ಓಡಿಸುವುದು ಸುಲಭ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಎಷ್ಟು ಸದ್ದು ಬೇಕು? ಮನೆಯಲ್ಲಿ ಕೂತು ಗಮನ ಕೊಟ್ಟು ಕೇಳುವವರ ಸರಾಸರಿ ಮಟ್ಟ 70ರಿಂದ 80 ಡೆಸಿಬೆಲ್ ಅಂದುಕೊಳ್ಳಿ. ಸಂಗೀತದಲ್ಲಿ ಮೃದಂಗದ ಒಂದು ಪೆಟ್ಟು, ಆರ್ಕೆಸ್ಟ್ರಾದ ಒಂದು ಏರು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹೋಗಬಹುದು. ಅಲ್ಲಿಗೆ 100. ಇನ್ನೂ 10 ಸೇರಿಸಿ, 110 ಡೆಸಿಬೆಲ್‌ನ ಪೀಕ್ ಸಲೀಸಾಗಿ ಬಂದರೆ ಯಾವ ಧ್ವನಿಮುದ್ರಣಕ್ಕೂ ತೊಂದರೆ ಇಲ್ಲ. ಇದು ಕ್ಷಣಮಾತ್ರದ ಪೀಕ್‌ನ ಮಾತು, ನೆನಪಿರಲಿ. ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಆಗುತ್ತದೆ. 100 ಡೆಸಿಬೆಲ್‌ಗೆ ಬರೀ 15 ನಿಮಿಷ. ದೊಡ್ಡ ಆಂಪ್ ತಂದವರು ಮೊದಲ ವಾರ ಮಾಡುವ ಕೆಲಸ ಏನು ಗೊತ್ತಲ್ವಾ? ನಾಬ್ ಎಷ್ಟು ದೂರ ಹೋಗುತ್ತದೆ ಎಂದು ನೋಡುವುದು. ಹಾಗೆ ಮಾಡಬೇಡಿ.

ಈಗ ಎಚ್‌ಡಿ 800 ಎಸ್. 102ರಿಂದ 110ಕ್ಕೆ 8 ಡೆಸಿಬೆಲ್ ದೂರ. ಅದಕ್ಕೆ 2.5 ವೋಲ್ಟ್ ಸಾಕು. ಕರೆಂಟ್ 8 ಮಿಲಿಆಂಪ್ ಚಿಲ್ಲರೆ, ಪವರ್ ಸುಮಾರು 21 ಮಿಲಿವ್ಯಾಟ್. ವ್ಯಾಟ್ ಅಲ್ಲ, ಮಿಲಿವ್ಯಾಟ್. ನಿಮ್ಮ ಮೊದಲ ಗೆಳೆಯ ಹೇಳುವ 'ದೊಡ್ಡ ಆಂಪ್' ಇಷ್ಟೇ.

ಸಾಮಾನ್ಯ ಲ್ಯಾಪ್‌ಟಾಪ್ ಜ್ಯಾಕ್‌ಗಳು ಹೆಚ್ಚು ಕಡಿಮೆ 1 ವೋಲ್ಟ್ ಕೊಡುತ್ತವೆ, ಕೆಲವು ಅದಕ್ಕಿಂತ ಕಡಿಮೆ. ಅಂದರೆ ನಿಮಗೆ ಈಗ ಸಿಗುತ್ತಿರುವುದು ಗರಿಷ್ಠ 102 ಡೆಸಿಬೆಲ್ ಅಥವಾ ಅದರ ಕೆಳಗೆ. ಮೆಲ್ಲನೆ ರೆಕಾರ್ಡ್ ಆದ ಶಾಸ್ತ್ರೀಯ ಕಛೇರಿ ಹಾಕಿದಾಗ ವಾಲ್ಯೂಮ್ ತುದಿಗೆ ಹೋಗಿ ಇನ್ನೂ ಬೇಕು ಅನ್ನಿಸುತ್ತಿದ್ದರೆ ಕಾರಣ ಇದೇ. ನಿಮಗೆ ಆಂಪ್ ಬೇಕು ಅನ್ನುವುದು ಅಷ್ಟರ ಮಟ್ಟಿಗೆ ನಿಜ. ಎಲ್ಲ ಲ್ಯಾಪ್‌ಟಾಪೂ ಹೀಗಿರುವುದಿಲ್ಲ. 2021ರ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೋಗಳಲ್ಲಿ ಆಪಲ್ ಒಂದು ಒಳ್ಳೆ ಕೆಲಸ ಮಾಡಿತು. ಹಾಕಿದ ಹೆಡ್‌ಫೋನ್ 150 ಓಮ್‌ಗಿಂತ ಕಡಿಮೆ ಇದ್ದರೆ 1.25 ವೋಲ್ಟ್ ತನಕ, 150ರಿಂದ 1000 ಓಮ್ ನಡುವೆ ಇದ್ದರೆ 3 ವೋಲ್ಟ್ ತನಕ ಜ್ಯಾಕ್ ತಾನೇ ಹೊಂದಿಸಿಕೊಳ್ಳುತ್ತದೆ. 3 ವೋಲ್ಟ್ ಅಂದರೆ ಎಚ್‌ಡಿ 800 ಎಸ್‌ಗೆ 111 ಡೆಸಿಬೆಲ್‌ಗಿಂತ ಜಾಸ್ತಿ. ಅಂಥ ಲ್ಯಾಪ್‌ಟಾಪ್ ಇರುವವರು ಈ ಹೆಡ್‌ಫೋನ್‌ಗಾಗಿ ಏನನ್ನೂ ಕೊಳ್ಳದೆ ಸುಮ್ನೆ ಹಾಡು ಕೇಳಬಹುದು. ಹೀಗೆ ಹೇಳಿದರೆ ಹವ್ಯಾಸಿಗಳಿಗೆ ಬೇಜಾರು.

ಸುಸ್ವರಾ ಕಥೆ ಬೇರೆ. 110 ಡೆಸಿಬೆಲ್‌ಗೆ ಅರ್ಧ ವ್ಯಾಟ್ ಬೇಕು: 5.5 ವೋಲ್ಟ್, 91 ಮಿಲಿಆಂಪ್. 115 ತನಕ ಬೇಕೆಂದರೆ 1.6 ವ್ಯಾಟ್, ಹತ್ತಿರ ಹತ್ತಿರ 10 ವೋಲ್ಟ್, 160 ಮಿಲಿಆಂಪ್. ನಿಮ್ಮ ಈಗಿನ ಹೆಡ್‌ಫೋನ್ ಕೇಳುವುದಕ್ಕಿಂತ 20 ಪಟ್ಟಿಗೂ ಜಾಸ್ತಿ ಪವರ್. ಇಲ್ಲಿ ಆಂಪ್ ಬಗ್ಗೆ ನಿಜವಾಗಿ ಯೋಚನೆ ಮಾಡಬೇಕಾಗುತ್ತದೆ. ಎರಡು ಸಲ ಖರ್ಚು ಬೇಡ ಎಂದಿದ್ದರೆ ಈಗಲೇ ಸುಸ್ವರಾ ಅಳತೆಗೆ ಆಂಪ್ ತಗೊಳ್ಳಿ. ಸುಸ್ವರಾ ಬರೀ ಕನಸು, ಯಾವಾಗಲೋ ನೋಡೋಣ ಅನ್ನುವಂತಿದ್ದರೆ ಈಗ ಸಣ್ಣದೇ ಸಾಕು.

ಆಂಪ್‌ನ ಡಬ್ಬಿ ಮೇಲಿನ ಅಂಕಿ ಓದುವುದು ಹೇಗೆ? ಬಹಳ ಕಡೆ '32 ಓಮ್‌ಗೆ 2 ವ್ಯಾಟ್' ಎಂದು ದೊಡ್ಡಕ್ಷರದಲ್ಲಿ ಇರುತ್ತದೆ. ಯಾಕೆಂದರೆ ಆ ಅಂಕಿ ದೊಡ್ಡದಾಗಿ ಕಾಣುತ್ತದೆ. ಅದನ್ನು ವೋಲ್ಟ್‌ಗೆ ಇಳಿಸಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ 8 ವೋಲ್ಟ್ ಬಂತು. ಅದೇ 8 ವೋಲ್ಟ್ ನಿಮ್ಮ 300 ಓಮ್‌ಗೆ 213 ಮಿಲಿವ್ಯಾಟ್ ಕೊಡುತ್ತದೆ, 120 ಡೆಸಿಬೆಲ್ ತನಕ ಹೋಗುತ್ತದೆ. ಸುಸ್ವರಾಗೆ 1 ವ್ಯಾಟ್ ಚಿಲ್ಲರೆ, 113 ಡೆಸಿಬೆಲ್. ಅಂದರೆ 32 ಓಮ್‌ಗೆ ನಿಜವಾದ 2 ವ್ಯಾಟ್ ಕೊಡುವ ಆಂಪ್ ಎರಡಕ್ಕೂ ಆಗುತ್ತದೆ. ಈಗಿನ ಮಧ್ಯಮ ದರ್ಜೆಯ ಟೇಬಲ್ ಆಂಪ್‌ಗಳಲ್ಲಿ ಇದೇನು ಅಪರೂಪ ಅಲ್ಲ. ಆದರೆ ಆ 2 ವ್ಯಾಟ್ ಡಿಸ್ಟಾರ್ಷನ್ (ಸ್ವರ ಕೆಡುವುದು) ಏರುವ ಮೊದಲಿನದಾ, ಏರಿದ ಮೇಲಿನದಾ ಎಂದು ಅಳತೆಯ ಗ್ರಾಫ್ ಸಿಕ್ಕಿದರೆ ನೋಡಿ. 10 ಪ್ರತಿಶತ ಡಿಸ್ಟಾರ್ಷನ್‌ನಲ್ಲಿ ಅಳೆದ ವ್ಯಾಟ್ ಕಾಗದಕ್ಕೆ ಮಾತ್ರ.

ಬೇಕಾದಷ್ಟು ವೋಲ್ಟ್ ಮತ್ತು ಕರೆಂಟ್ ಸಿಕ್ಕಿದ ಮೇಲೆ ಇನ್ನೂ ಹೆಚ್ಚು ಪವರ್ ಇದ್ದರೆ ಸ್ವರ ಇನ್ನೂ ಚೆನ್ನಾಗುತ್ತದಾ? ಇಲ್ಲ. ಆಂಪ್ ಕ್ಲಿಪ್ ಆಗದೆ, ಅಂದರೆ ಮಿತಿ ಮೀರಿ ಸಿಗ್ನಲ್‌ನ ತುದಿ ಕತ್ತರಿಸಿಹೋಗದೆ, ಓಡುತ್ತಿದ್ದರೆ 1 ವ್ಯಾಟ್‌ನದಕ್ಕೂ 10 ವ್ಯಾಟ್‌ನದಕ್ಕೂ ನಿಮ್ಮ 21 ಮಿಲಿವ್ಯಾಟ್ ಒಂದೇ. 'ನಾಬ್ 9 ಗಂಟೆ ಜಾಗದಲ್ಲೇ ಕಿವಿ ಕಿತ್ತು ಬರುತ್ತದೆ, ಎಂಥ ಪವರ್!' ಎಂದು ಹೊಗಳುವುದನ್ನು ಕೇಳಿರುತ್ತೀರಿ. ಅದು ಗೇನ್, ಅಂದರೆ ಒಳಗೆ ಬಂದ ಸಿಗ್ನಲನ್ನು ಆಂಪ್ ಎಷ್ಟು ಪಟ್ಟು ಏರಿಸುತ್ತದೆ ಎಂಬುದು, ಜಾಸ್ತಿ ಇರುವ ಗುರುತು ಅಷ್ಟೇ. ನಲ್ಲಿ ಸ್ವಲ್ಪ ತಿರುಗಿಸಿದರೆ ಸಾಕು ನೀರು ರಭಸವಾಗಿ ಬರುತ್ತದೆ ಅಂದಮಾತ್ರಕ್ಕೆ ಟ್ಯಾಂಕ್ ದೊಡ್ಡದು ಅಂತ ಆಗುತ್ತದಾ? ನಿಜ ಹೇಳಬೇಕೆಂದರೆ ಗೇನ್ ಜಾಸ್ತಿ ಇದ್ದರೆ ತೊಂದರೆಯೇ. ನಾಬ್‌ನ ತೀರಾ ಕೆಳಗಿನ ಭಾಗದಲ್ಲಿ ಎಡ ಬಲ ಕಿವಿಯ ಸದ್ದು ಸಮ ಇರುವುದಿಲ್ಲ. ಮಾಮೂಲಿ ಪೊಟೆನ್ಶಿಯೋಮೀಟರ್‌ಗಳ ಗುಣವೇ ಅದು. ಲೋ ಗೇನ್ ಹಾಕಿ, ನಾಬ್ ನಡುವಿನ ತನಕ ಬರುವಂತೆ ಕೇಳಿ. 2 ವೋಲ್ಟ್ ಡ್ಯಾಕ್, ಏರಿಸದ ಗೇನ್ ಎರಡೂ ಸೇರಿದರೇ ಎಚ್‌ಡಿ 800 ಎಸ್‌ಗೆ 108 ಡೆಸಿಬೆಲ್ ಸಿಗುತ್ತದೆ. ಹೈ ಗೇನ್ ಸ್ವಿಚ್ ನಿಮಗೆ ಅಪರೂಪಕ್ಕೆ ಬೇಕಾಗಬಹುದು.

ಇನ್ನೊಂದು ಅಂಕಿ ಔಟ್‌ಪುಟ್ ಇಂಪೀಡೆನ್ಸ್. ಟ್ಯೂಬ್ (ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್) ಆಂಪ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಂಪ್‌ಗೂ ತನ್ನದೇ ಒಂದು ಒಳ ಪ್ರತಿರೋಧ ಇರುತ್ತದೆ. ಅದು ಮತ್ತು ಹೆಡ್‌ಫೋನ್ ಸೇರಿ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಹೆಡ್‌ಫೋನ್‌ನ ಇಂಪೀಡೆನ್ಸ್, ಅಂದರೆ ಓಮ್‌ನಲ್ಲಿ ಅಳೆಯುವ ಪ್ರತಿರೋಧ, ಎಲ್ಲ ಸ್ವರಗಳಿಗೂ ಒಂದೇ ಇದ್ದಿದ್ದರೆ ಪರವಾಗಿರಲಿಲ್ಲ, ಒಟ್ಟು ಸದ್ದು ಸ್ವಲ್ಪ ಇಳಿಯುತ್ತಿತ್ತು ಅಷ್ಟೇ. ಸುಸ್ವರಾದಂಥ, ತೆಳು ಹಾಳೆ ಅದುರಿ ಸದ್ದು ಮಾಡುವ ಪ್ಲೇನಾರ್ ಹೆಡ್‌ಫೋನ್‌ಗಳಲ್ಲಿ ಆಗುವುದು ಅದೇ. ಆದರೆ ಎಚ್‌ಡಿ 800 ಎಸ್‌ನಂಥ ಡೈನಾಮಿಕ್ ಡ್ರೈವರ್‌ನಲ್ಲಿ (ತಂತಿಯ ಸುರುಳಿ ಅದುರಿ ಸದ್ದು ಮಾಡುವ ಭಾಗ) 300 ಓಮ್ ಎಂಬುದು ಒಂದು ಗುರುತು ಮಾತ್ರ. 100 ಹರ್ಟ್ಜ್ ಆಸುಪಾಸಿನಲ್ಲಿ ಅದು 600 ಓಮ್ ದಾಟುತ್ತದೆ. ಆಂಪ್‌ನ ಒಳ ಪ್ರತಿರೋಧ 100 ಓಮ್ ಇದೆ ಅಂದುಕೊಳ್ಳಿ. 300 ಓಮ್ ಇರುವ ಕಡೆ 2.5 ಡೆಸಿಬೆಲ್ ಕಳೆದುಹೋಗುತ್ತದೆ, 600 ಇರುವ ಕಡೆ 1.3 ಮಾತ್ರ. ಅಂದರೆ ಬೇಸ್ ಉಳಿದದ್ದಕ್ಕಿಂತ 1 ಡೆಸಿಬೆಲ್‌ಗೂ ಸ್ವಲ್ಪ ಜಾಸ್ತಿ ಮೇಲೆ ಬರುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಟ್ಯೂಬ್ ಆಂಪ್‌ಗಳು, ಅಂದರೆ ಒಟಿಎಲ್ ಮಾದರಿಯವು, ಸಾಮಾನ್ಯವಾಗಿ ಇಂಥ ದೊಡ್ಡ ಔಟ್‌ಪುಟ್ ಇಂಪೀಡೆನ್ಸ್ ಇರುವಂಥವು. ಅವು ಸೆನ್‌ಹೈಸರ್‌ನ 300 ಓಮ್ ಹೆಡ್‌ಫೋನ್‌ಗಳ ಜೊತೆ 'ಬೆಚ್ಚಗೆ' ಕೇಳುತ್ತವೆ ಎಂದು ಜನ ಹೇಳುವುದರಲ್ಲಿ ಸುಳ್ಳಿಲ್ಲ. ಟ್ಯೂಬ್‌ಗಳ ಸೆಕೆಂಡ್ ಹಾರ್ಮೋನಿಕ್ ಡಿಸ್ಟಾರ್ಷನ್, ಅಂದರೆ ಮೂಲ ಸ್ವರದ ಎರಡು ಪಟ್ಟು ಫ್ರೀಕ್ವೆನ್ಸಿಯಲ್ಲಿ ಸೇರುವ ಸದ್ದು, ಕೂಡ ಸ್ವಲ್ಪ ಸೇರಿರುತ್ತದೆ.

ಹಾಗಾದರೆ ತಗೊಳ್ಳಬಹುದಾ? ಎಚ್‌ಡಿ 800 ಎಸ್ ಒಂದೇ ಇದ್ದರೆ, ಟ್ಯೂಬ್‌ಗಳ ಬೆಳಕು ನೋಡುವುದು ನಿಮಗೆ ಖುಷಿ ಕೊಟ್ಟರೆ, ಧಾರಾಳವಾಗಿ. ಸುಸ್ವರಾ ಬರುವುದಿದ್ದರೆ ಬೇಡವೇ ಬೇಡ. 100 ಓಮ್ ಒಳಗಿಟ್ಟುಕೊಂಡ ಆಂಪ್‌ಗೆ 60 ಓಮ್ ಹೆಡ್‌ಫೋನ್ ಕಟ್ಟಿದರೆ ಮೊದಲಿಗೇ 8.5 ಡೆಸಿಬೆಲ್ ಸೋರಿಹೋಗುತ್ತದೆ. ಮೇಲಾಗಿ ಒಟಿಎಲ್ ಟ್ಯೂಬ್‌ಗಳು ವೋಲ್ಟ್ ಕೊಡುತ್ತವೆ, ಕರೆಂಟ್ ಕೊಡುವುದರಲ್ಲಿ ಜಿಪುಣರು. ಸುಸ್ವರಾ ಕೇಳುವುದು ಕರೆಂಟನ್ನೇ.

ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬುದು ಚಾಲ್ತಿಯಲ್ಲಿರುವ ಸೂತ್ರ. ನಿಮಗೆ 37 ಓಮ್, ಸುಸ್ವರಾಗೆ 7. ಈಗಿನ ಟ್ರಾನ್ಸಿಸ್ಟರ್ ಆಂಪ್‌ಗಳು ಸಾಮಾನ್ಯವಾಗಿ 1 ಓಮ್‌ಗಿಂತ ಕೆಳಗಿರುತ್ತವೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದು ಕಾಲದಲ್ಲಿ ಹೀಗಿರಲಿಲ್ಲ. ಹೆಡ್‌ಫೋನ್ ಔಟ್‌ಪುಟ್ 120 ಓಮ್ ಇರಲಿ ಎಂದು ಐಇಸಿ 61938 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತಿತ್ತು. ಹಳೇ ರಿಸೀವರ್‌ಗಳ ಜ್ಯಾಕ್‌ನಲ್ಲಿ ಒಂದೊಂದು ಹೆಡ್‌ಫೋನ್ ಒಂದೊಂದು ಥರ ಕೇಳುವುದಕ್ಕೆ ಇದೂ ಒಂದು ಕಾರಣ. ಎನ್‌ಡಬ್ಲ್ಯೂಎವಿಗೈ ಎಂಬ ಅಡ್ಡಹೆಸರಿನ ಒಬ್ಬ ಎಂಜಿನಿಯರ್ ಈ ಎಂಟನೇ ಒಂದರ ಸೂತ್ರವನ್ನು ಜನರಿಗೆ ಮುಟ್ಟಿಸಿದರು. 2011ರಲ್ಲಿ ಆಬ್ಜೆಕ್ಟಿವ್2 ಎಂಬ ಆಂಪ್‌ನ ಪೂರ್ತಿ ವಿನ್ಯಾಸ, ಅಳತೆ ಎಲ್ಲ ಬಿಚ್ಚಿಟ್ಟು, ಮರುವರ್ಷ ಸದ್ದಿಲ್ಲದೆ ಮಾಯವಾದರು. ಯಾರೆಂದು ಬಹಿರಂಗ ಆಗಲೇ ಇಲ್ಲ. ಕಡಿಮೆ ದುಡ್ಡಿನಲ್ಲಿ ಅಚ್ಚುಕಟ್ಟಾದ ಆಂಪ್ ಮಾಡಬಹುದು ಎಂದು ಅಂಕಿಗಳ ಸಮೇತ ತೋರಿಸಿದವರು ಅವರು.

ಈಗ ಡ್ಯಾಕ್. ಇದರ ಬಗ್ಗೆ ಬರೆದಷ್ಟು ಕವಿತೆ ಬೇರಾವ ಪೆಟ್ಟಿಗೆಯ ಬಗ್ಗೆಯೂ ಬಂದಿಲ್ಲ. ನಾನು ಒಂದೇ ಲೆಕ್ಕ ಹೇಳುತ್ತೇನೆ. ಒಂದು ಸಾಧಾರಣ ಡ್ಯಾಕ್ ಇದೆ, ಅದರ ನಾಯ್ಸ್ ಸಿಗ್ನಲ್‌ಗಿಂತ 98 ಡೆಸಿಬೆಲ್ ಕೆಳಗಿದೆ. 16 ಬಿಟ್ ಸಿಡಿಯ ಮಟ್ಟ ಅದು. ಔಟ್‌ಪುಟ್ ಎಲ್ಲರಂತೆ 2 ವೋಲ್ಟ್. ಆಂಪ್ ಗೇನ್ ಏರಿಸದೆ, ನಾಬ್ ಪೂರ್ತಿ ತಿರುಗಿಸಿದರೆ ಎಚ್‌ಡಿ 800 ಎಸ್‌ನಲ್ಲಿ ಆ ನಾಯ್ಸ್ 10 ಡೆಸಿಬೆಲ್ ಸದ್ದು ಮಾಡುತ್ತದೆ. ರಾತ್ರಿ ತೀರಾ ನಿಶ್ಶಬ್ದವಾದ ಕೋಣೆಯಲ್ಲೂ 20ರಿಂದ 30 ಡೆಸಿಬೆಲ್ ಇರುತ್ತದೆ. ನಿಮ್ಮದು ಓಪನ್ ಬ್ಯಾಕ್ ಹೆಡ್‌ಫೋನ್, ಕೋಣೆಯ ಸದ್ದು ಹಾಗೇ ಒಳಗೆ ಬರುತ್ತದೆ. ಈಗ ಮಾರುಕಟ್ಟೆಯಲ್ಲಿರುವ, ಸರಿಯಾಗಿ ಮಾಡಿದ ಡ್ಯಾಕ್‌ಗಳು 110, 120 ಡೆಸಿಬೆಲ್ ಮಟ್ಟಕ್ಕೆ ಹೋಗಿವೆ. ಕೇಳದೇ ಇರುವುದನ್ನು ಇನ್ನೂ ಕೇಳದಂತೆ ಮಾಡಿದ್ದಾರೆ ಅನ್ನಬಹುದು.

ಇಯರ್‌ಫೋನ್ ಬಳಸುವವರಿಗೆ ಇದೇ ಲೆಕ್ಕ ಉಲ್ಟಾ. ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಪುಟ್ಟ ಡ್ರೈವರ್ ಇರುವ ಕೆಲವು ಇಯರ್‌ಫೋನ್‌ಗಳು 1 ವೋಲ್ಟ್‌ಗೆ 130 ಡೆಸಿಬೆಲ್ ತನಕ ಹೋಗುತ್ತವೆ. ಅವುಗಳಲ್ಲಿ ಅದೇ ನಾಯ್ಸ್ 38 ಡೆಸಿಬೆಲ್, ಅಂದರೆ 'ಹುಸ್' ಎಂದು ಸ್ಪಷ್ಟವಾಗಿ ಕೇಳುತ್ತದೆ. ಹಾಗಾಗಿ ಮೇಜಿನ ಮೇಲಿನ ದೊಡ್ಡ ಆಂಪ್‌ಗೆ ಇಯರ್‌ಫೋನ್ ಹಾಕಿ ಬೈಯುವುದು ನ್ಯಾಯ ಅಲ್ಲ.

ಇಎಸ್ಎಸ್, ಎಕೆಎಂ ಎರಡೂ ಡ್ಯಾಕ್‌ನೊಳಗಿನ ಚಿಪ್ ಮಾಡುವ ಕಂಪನಿಗಳು. ಇಎಸ್ಎಸ್ ಚಿಪ್ 'ಚೂಪು', ಎಕೆಎಂ ಚಿಪ್ 'ವೆಲ್ವೆಟ್' ಎಂಬ ಮಾತು ನಿಮ್ಮ ಎರಡನೇ ಗೆಳೆಯನ ಹತ್ತಿರವೂ ಇರುತ್ತದೆ. 2020ರ ಅಕ್ಟೋಬರ್‌ನಲ್ಲಿ ಜಪಾನ್‌ನ ನೊಬೆಯೋಕಾದಲ್ಲಿ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಸಿಗದೆ ಹಲವು ಕಂಪನಿಗಳು ತಮ್ಮ ಮಾದರಿಗಳನ್ನು ಇಎಸ್ಎಸ್ ಚಿಪ್‌ಗೆ ಬದಲಿಸಿಕೊಂಡವು. ಅಳತೆಗಳಲ್ಲಿ ಫ್ರೀಕ್ವೆನ್ಸಿ ರೆಸ್ಪಾನ್ಸ್ (ಯಾವ ಸ್ವರ ಎಷ್ಟು ಜೋರು ಬರುತ್ತದೆ ಎಂಬ ಗ್ರಾಫ್) ಆಗಲೂ ಗೆರೆ ಎಳೆದಂತೆ ನೇರ, ಈಗಲೂ ನೇರ. ನಿಮಗೆ ಚುಚ್ಚುವುದು ನಿಮ್ಮ ಹೆಡ್‌ಫೋನ್‌ನಲ್ಲೇ ಇರುವ 6 ಕಿಲೋಹರ್ಟ್ಜ್‌ನ ಏರು. ಗೆರೆ ನೇರ ಇರುವ ತನಕ ಆ ಏರನ್ನು ಡ್ಯಾಕ್ ಹೇಗೆ ಇಳಿಸುತ್ತದೆ?

ನಿಜವಾಗಿ ವ್ಯತ್ಯಾಸ ಮಾಡುವ ಡ್ಯಾಕ್‌ಗಳೂ ಇವೆ, ಇಲ್ಲ ಅನ್ನುವುದಿಲ್ಲ. ಓವರ್‌ಸ್ಯಾಂಪ್ಲಿಂಗ್ (ಡಿಜಿಟಲ್ ಸ್ಯಾಂಪಲ್‌ಗಳ ನಡುವೆ ಇನ್ನಷ್ಟು ಸ್ಯಾಂಪಲ್ ತುಂಬುವುದು) ಮಾಡದ, ಎನ್ಒಎಸ್ ಎಂದು ಕರೆಯುವ ಮಾದರಿಗಳು 44.1 ಕಿಲೋಹರ್ಟ್ಜ್ ಹಾಡಿನಲ್ಲಿ 20 ಕಿಲೋಹರ್ಟ್ಜ್ ಹೊತ್ತಿಗೆ 3 ಡೆಸಿಬೆಲ್ ಇಳಿಯುತ್ತವೆ. ಅದು ಗಣಿತದಿಂದಲೇ ಬರುವ ಇಳಿತ. ಎಳೆ ಕಿವಿಗೆ ಸ್ವಲ್ಪ ಮೃದು ಅನ್ನಿಸಬಹುದು. ಆದರೆ ನಿಮಗೆ ಚುಚ್ಚುತ್ತಿರುವುದು 6 ಕಿಲೋಹರ್ಟ್ಜ್‌ನಲ್ಲಿ. ಅಲ್ಲಿ ಆ ಇಳಿತ ಒಂದು ಡೆಸಿಬೆಲ್‌ನ ಕಾಲು ಭಾಗದ ಆಸುಪಾಸು ಅಷ್ಟೇ.

ಹಾಗಾಗಿ ಡ್ಯಾಕ್‌ನಲ್ಲಿ ನೋಡಬೇಕಾದ್ದು ಬೇಸರದ ವಿಷಯಗಳು. ಲ್ಯಾಪ್‌ಟಾಪ್‌ನಲ್ಲಿ ಅದರ ಡ್ರೈವರ್ ಸಾಫ್ಟ್‌ವೇರ್ ಕಿರಿಕಿರಿ ಇಲ್ಲದೆ ಓಡುತ್ತದಾ, ಬೇಕಾದ ಇನ್‌ಪುಟ್‌ಗಳಿವೆಯಾ, ಔಟ್‌ಪುಟ್ 2 ವೋಲ್ಟ್ ಇದೆಯಾ, ಆನ್ ಆಫ್ ಮಾಡುವಾಗ 'ಟಪ್' ಅನ್ನುತ್ತದಾ. ಡ್ಯಾಕ್, ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅದೇ ತಗೊಳ್ಳಿ. ಒಂದು ಕೇಬಲ್ ಕಡಿಮೆ, ಗ್ರೌಂಡ್ ಲೂಪ್‌ನ (ಪೆಟ್ಟಿಗೆಗಳ ಗ್ರೌಂಡ್ ತಂತಿಗಳು ಸುತ್ತು ಹಾಕಿ ಹಮ್ ತರುವುದು) ಸಾಧ್ಯತೆಯೂ ಕಡಿಮೆ. ಬೇರೆ ಬೇರೆ ಇಟ್ಟು 'ಗುಂಯ್' ಎಂಬ ಹಮ್ ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತಿತಾ? ಆಪ್ಟಿಕಲ್ ಇನ್‌ಪುಟ್ ಇದ್ದರೆ ಅದನ್ನು ಬಳಸಿ. ಬೆಳಕಿನಲ್ಲಿ ಹೋಗುವ ಸಿಗ್ನಲ್‌ಗೆ ಗ್ರೌಂಡ್‌ನ ಹಂಗಿಲ್ಲ.

ಹಣ ಹಂಚುವುದರ ಬಗ್ಗೆ ನನ್ನ ಅಭಿಪ್ರಾಯ ಇದು: ಡ್ಯಾಕ್, ಆಂಪ್ ಎರಡೂ ಸೇರಿ ಹೆಡ್‌ಫೋನ್ ಬೆಲೆಯ ಕಾಲು ಭಾಗ ದಾಟುವ ಅಗತ್ಯ ನಿಮಗೆ ಇಲ್ಲ. ಸುಸ್ವರಾ ಬಂದ ಮೇಲೂ ಇಲ್ಲ. ಉಳಿದ ಹಣ ಆ ಎರಡನೇ ಹೆಡ್‌ಫೋನ್ ಕಡೆಗೇ ಹೋಗಲಿ. ಎರಡು ಡ್ಯಾಕ್‌ಗಳ ನಡುವಿನ ವ್ಯತ್ಯಾಸ ಹುಡುಕಬೇಕು. ಎರಡು ಹೆಡ್‌ಫೋನ್‌ಗಳ ನಡುವಿನದು ತಲೆಗೆ ಹಾಕಿದ ಕೂಡಲೇ ಗೊತ್ತಾಗುತ್ತದೆ.

ಈಗ ನಿಮ್ಮ ದೂರಿಗೆ ಬರುತ್ತೇನೆ. ಮೂಲ ಎಚ್‌ಡಿ 800 ಬಂದದ್ದು 2009ರಲ್ಲಿ. ಅದರ 6 ಕಿಲೋಹರ್ಟ್ಜ್‌ನ ಏರು ಹೆಸರುವಾಸಿ. 2016ರ ಎಸ್ ಮಾದರಿಯಲ್ಲಿ ಡ್ರೈವರ್ ನಡುವೆ ಒಂದು ಅಬ್ಸಾರ್ಬರ್ ಇಟ್ಟು ಅದನ್ನು ತಗ್ಗಿಸಿದರು. ತಗ್ಗಿತು, ಪೂರ್ತಿ ಹೋಗಲಿಲ್ಲ. ಕೆಳಗಿನ ಬೇಸ್ ಎಸ್‌ನಲ್ಲೂ ಇಳಿದೇ ಇದೆ. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಕೇಳುಗರನ್ನು ಕೂರಿಸಿ, ಯಾವ ಥರದ ಟೋನ್ ಜಾಸ್ತಿ ಜನಕ್ಕೆ ಹಿಡಿಸುತ್ತದೆ ಎಂದು ಹುಡುಕಿದರು. ಅದರಿಂದ ಬಂದದ್ದೇ ಹರ್ಮನ್ ಟಾರ್ಗೆಟ್. ಅದಕ್ಕೆ ಹೋಲಿಸಿದರೆ ನಿಮ್ಮ ಹೆಡ್‌ಫೋನ್ ಬೇಸ್‌ನಲ್ಲಿ ಹಿಂದೆ ಬೀಳುತ್ತದೆ. ನಿಮ್ಮ ಕಿವಿ ಹೇಳಿದ್ದೂ ಅದನ್ನೇ, ಅಲ್ವಾ?

ಪ್ಯಾರಾಮೆಟ್ರಿಕ್ ಈಕ್ವಲೈಸರ್ ಹಾಕಿ. ಬೇಕಾದ ಫ್ರೀಕ್ವೆನ್ಸಿಯನ್ನು ಆರಿಸಿ ಅಲ್ಲಿ ಸದ್ದು ಏರಿಸುವ, ಇಳಿಸುವ ಸಾಫ್ಟ್‌ವೇರ್ ಅದು. ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ ಪುಕ್ಕಟೆ ಸಿಗುತ್ತದೆ. ಕೆಳಗೆ 100 ಹರ್ಟ್ಜ್‌ನಿಂದ ಒಂದು ಲೋ ಶೆಲ್ಫ್ (ಅದರ ಕೆಳಗಿನ ಬೇಸನ್ನೆಲ್ಲ ಒಟ್ಟಿಗೆ ಏರಿಸುವ ಫಿಲ್ಟರ್), 4 ಡೆಸಿಬೆಲ್ ಮೇಲಕ್ಕೆ. 6 ಕಿಲೋಹರ್ಟ್ಜ್ ಆಸುಪಾಸು ಒಂದು ಫಿಲ್ಟರ್, 3 ಡೆಸಿಬೆಲ್ ಕೆಳಕ್ಕೆ, ಕ್ಯೂ (ಫಿಲ್ಟರ್ ಎಷ್ಟು ಕಿರಿದು ಎಂಬ ಅಂಕಿ) 2ರ ಹತ್ತಿರ. ನಿಮಗೆ ಹೆಚ್ಚು ಚುಚ್ಚುವ ಒಂದು ಪಿಟೀಲಿನ ರೆಕಾರ್ಡಿಂಗ್ ಹಾಕಿಕೊಂಡು ಆ ಫಿಲ್ಟರನ್ನು 5ರಿಂದ 7 ಕಿಲೋಹರ್ಟ್ಜ್ ನಡುವೆ ಆ ಕಡೆ ಈ ಕಡೆ ಸರಿಸಿ. ಎಲ್ಲಿ ಚುಚ್ಚುವುದು ನಿಲ್ಲುತ್ತದೋ ಅಲ್ಲಿ ಬಿಡಿ. ಕಿವಿಯ ಆಕಾರ ಒಬ್ಬೊಬ್ಬರದು ಒಂದೊಂದು ಥರ, ಹಾಗಾಗಿ ಬೇರೆಯವರ ಅಂಕಿ ನಿಮಗೆ ನೇರವಾಗಿ ಹೊಂದದೇ ಇರಬಹುದು. ಪ್ರಿಆಂಪ್ ಎಂಬಲ್ಲಿ ಮೈನಸ್ 5 ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಏರಿಸಿದ ಬೇಸ್ ಡಿಜಿಟಲ್‌ನಲ್ಲೇ ಕ್ಲಿಪ್ ಆಗುತ್ತದೆ. ಬೇಸನ್ನು 10 ಡೆಸಿಬೆಲ್ ಏರಿಸುವ ಆಸೆ ಬೇಡ. ಓಪನ್ ಬ್ಯಾಕ್ ಡ್ರೈವರ್ ಅಷ್ಟು ತಳ್ಳಿಸಿಕೊಂಡರೆ ಡಿಸ್ಟಾರ್ಷನ್ ಏರುತ್ತದೆ.

ಆ ಮೈನಸ್ 5ರಿಂದ ಒಟ್ಟು ಸದ್ದು ಇಳಿಯುತ್ತದಲ್ಲ, ಅದನ್ನು ಆಂಪ್ ತುಂಬಿಕೊಡಬೇಕು. ಹಾಗಾಗಿ 2.5 ವೋಲ್ಟ್ ಸಾಕು ಎಂದಿದ್ದನ್ನು 5 ವೋಲ್ಟ್ ಮಾಡಿಕೊಳ್ಳಿ. ಒಳ್ಳೆ ಆಂಪ್ ಇದ್ದರೆ ಬೇಸ್ ಬರುತ್ತದೆ ಎಂಬ ಮಾತಿಗೆ ಇರುವ ಒಂದೇ ಗಟ್ಟಿ ಕಾರಣ ಇದು: ಈಕ್ವಲೈಸರ್ ಏರಿಸಲು ಅದು ಜಾಗ ಕೊಡುತ್ತದೆ.

ಫೋನ್, ಟಿವಿ, ಲ್ಯಾಪ್‌ಟಾಪ್ ಎಲ್ಲದಕ್ಕೂ ಒಂದೇ ಈಕ್ವಲೈಸರ್ ಬೇಕೆಂದರೆ ಅದು ಪೆಟ್ಟಿಗೆಯೊಳಗೇ ಇರುವ ಡ್ಯಾಕ್ ಹುಡುಕಿ. ಆರ್‌ಎಂಇ ಕಂಪನಿಯ ಎಡಿಐ-2 ಡ್ಯಾಕ್ ಅಂಥದ್ದು. ಐದು ಬ್ಯಾಂಡ್‌ನ ಪ್ಯಾರಾಮೆಟ್ರಿಕ್ ಈಕ್ವಲೈಸರ್, ಸಣ್ಣ ಸದ್ದಿನಲ್ಲಿ ಬೇಸ್ ಟ್ರೆಬಲ್ ತಾನೇ ಏರಿಸುವ ಲೌಡ್‌ನೆಸ್, ಇಯರ್‌ಫೋನ್‌ಗೆ ಬೇರೆ ಜ್ಯಾಕ್ ಎಲ್ಲ ಇದೆ. ಡ್ಯಾಕ್‌ಗೆ ಹೆಚ್ಚು ದುಡ್ಡು ಕೊಡುವುದೇ ಆದರೆ ಇಂಥ ಸೌಲಭ್ಯಕ್ಕೆ ಕೊಡಿ.

ಬ್ಯಾಲೆನ್ಸ್ಡ್ ಬಗ್ಗೆ: ಎಡಕ್ಕೂ ಬಲಕ್ಕೂ ಬೇರೆ ಬೇರೆ ಪಾಸಿಟಿವ್, ನೆಗೆಟಿವ್ ತಂತಿ ಇರುವ ಜೋಡಣೆ ಇದು. ಒಂದೇ ಆಂಪ್‌ನಲ್ಲಿ ಬ್ಯಾಲೆನ್ಸ್ಡ್ ಜ್ಯಾಕ್ ಸಾಮಾನ್ಯವಾಗಿ ಎರಡು ಪಟ್ಟು ವೋಲ್ಟ್ ಕೊಡುತ್ತದೆ, ಅಂದರೆ 6 ಡೆಸಿಬೆಲ್ ಜಾಸ್ತಿ. ಎಚ್‌ಡಿ 800 ಎಸ್‌ಗೆ ಬೇಕಿಲ್ಲ, ಸುಸ್ವರಾಗೆ ಉಪಯೋಗ ಇದೆ. ಅದರಾಚೆಗೆ 'ವೇದಿಕೆ ಅಗಲ ಆಗುತ್ತದೆ' ಎಂಬುದನ್ನು ನಾನು ನಂಬುವುದಿಲ್ಲ. ಆ 6 ಡೆಸಿಬೆಲ್ ಸಮ ಮಾಡದೆ ಹೋಲಿಸಿದರೆ ಯಾರಿಗಾದರೂ ಅಗಲ ಆದಂತೆ ಕೇಳುತ್ತದೆ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬ್ಯಾಲೆನ್ಸ್ಡ್ ಜ್ಯಾಕ್‌ಗೆ ಅಡಾಪ್ಟರ್ ಹಾಕಿ ಮಾಮೂಲಿ ಮೂರು ತಂತಿಯ ಹೆಡ್‌ಫೋನ್ ಪ್ಲಗ್ ಸೇರಿಸಬೇಡಿ. ಎಡ ಬಲದ ನೆಗೆಟಿವ್ ಎರಡೂ ಒಂದಕ್ಕೊಂದು ಶಾರ್ಟ್ ಆಗಿ ಆಂಪ್ ಸುಡಬಹುದು. ಉಲ್ಟಾ ದಾರಿಯ ಅಡಾಪ್ಟರ್, ಅಂದರೆ ಬ್ಯಾಲೆನ್ಸ್ಡ್ ಕೇಬಲ್‌ನ ಹೆಡ್‌ಫೋನನ್ನು ಮಾಮೂಲಿ ಜ್ಯಾಕ್‌ಗೆ ಹಾಕುವುದು, ತೊಂದರೆ ಇಲ್ಲ. ಸುಸ್ವರಾವನ್ನು ಸ್ಪೀಕರ್ ಆಂಪ್‌ಗೆ ಕಟ್ಟುವವರೂ ಇದ್ದಾರೆ. ಅಲ್ಲೂ ಇದೇ ನಿಯಮ, ಮತ್ತು ಆ ಆಂಪ್‌ಗೆ ಎಂದೂ ಎಚ್‌ಡಿ 800 ಎಸ್ ಹಾಕಬೇಡಿ. ಹಿಸ್ ಕೇಳುತ್ತದೆ, ನಾಬ್ ಸ್ವಲ್ಪ ಜಾರಿದರೂ ಡ್ರೈವರ್‌ಗೂ ಕಿವಿಗೂ ಅಪಾಯ.

ಅಂಗಡಿಯಲ್ಲೋ ಗೆಳೆಯನ ಮನೆಯಲ್ಲೋ ಎರಡು ಆಂಪ್ ಹೋಲಿಸುವ ಅವಕಾಶ ಸಿಕ್ಕಿದರೆ ಕಿವಿಯಿಂದ ವಾಲ್ಯೂಮ್ ಸಮ ಮಾಡಬೇಡಿ. ಅರ್ಧ ಡೆಸಿಬೆಲ್ ಜಾಸ್ತಿ ಇರುವುದು ಕಿವಿಗೆ 'ಜೋರು' ಅನ್ನಿಸುವುದಿಲ್ಲ, 'ಚೆನ್ನಾಗಿದೆ, ಸ್ಪಷ್ಟವಾಗಿದೆ' ಅನ್ನಿಸುತ್ತದೆ. ಒಂದು ಮಲ್ಟಿಮೀಟರ್ ತಗೊಂಡು ಹೋಗಿ. 60 ಹರ್ಟ್ಜ್ ಟೋನ್ ಹಾಕಿ, ಹೆಡ್‌ಫೋನ್ ಸಿಕ್ಕಿಸಿಯೇ ಔಟ್‌ಪುಟ್‌ನ ಎಸಿ ವೋಲ್ಟ್ ಅಳೆಯಿರಿ. ಅಗ್ಗದ ಮೀಟರ್‌ಗಳು ಮೇಲಿನ ಫ್ರೀಕ್ವೆನ್ಸಿಯಲ್ಲಿ ತಪ್ಪು ತೋರಿಸುತ್ತವೆ, 60ರಲ್ಲಿ ಸರಿಯಾಗಿರುತ್ತವೆ. ಎರಡೂ ಆಂಪ್‌ನ ವೋಲ್ಟ್ 1 ಪ್ರತಿಶತದ ಒಳಗೆ ಬಂದರೆ ವ್ಯತ್ಯಾಸ 0.1 ಡೆಸಿಬೆಲ್‌ಗಿಂತ ಕಡಿಮೆ. ಆಮೇಲೆ ಯಾವುದು ಓಡುತ್ತಿದೆ ಎಂದು ನಿಮಗೆ ತಿಳಿಯದಂತೆ ಗೆಳೆಯ ಬದಲಿಸಲಿ. ಒಟಿಎಲ್ ಟ್ಯೂಬ್ ಆಂಪ್ ಇದ್ದರೆ ಈ ಅಳತೆ ಸ್ವಲ್ಪ ಮೋಸ ಮಾಡುತ್ತದೆ. ಮೇಲೆ ಹೇಳಿದ ಬೇಸ್ ಏರು ಅದರಲ್ಲಿ ಇರುತ್ತದೆ, ಹಾಗಾಗಿ 60 ಹರ್ಟ್ಜ್‌ನಲ್ಲಿ ಸಮ ಮಾಡಿದರೆ ನಡುವಿನ ಸ್ವರಗಳು ಕೆಳಗೆ ಬೀಳುತ್ತವೆ. ಅಂಥದ್ದಕ್ಕೆ 400 ಹರ್ಟ್ಜ್ ತನಕ ನಂಬಬಹುದಾದ ಮೀಟರ್ ಬೇಕು.

ಕೊನೆಯದು ಕೇಬಲ್. ಎಚ್‌ಡಿ 800 ಎಸ್ ಡಬ್ಬಿಯಲ್ಲೇ 6.35 ಮಿಲಿಮೀಟರ್ ಪ್ಲಗ್‌ನ ಒಂದು ಕೇಬಲ್, ಬ್ಯಾಲೆನ್ಸ್ಡ್‌ನ ಇನ್ನೊಂದು ಕೇಬಲ್ ಬರುತ್ತದೆ. 300 ಓಮ್ ಹೆಡ್‌ಫೋನ್‌ಗೆ ಒಂದು ಓಮ್‌ಗಿಂತ ಕಡಿಮೆ ಇರುವ ತಾಮ್ರದ ತಂತಿ ಏನೂ ಮಾಡಲಾರದು, ಬೆಳ್ಳಿಯದೂ ಏನೂ ಮಾಡಲಾರದು. ಆ ಹಣ ಇಟ್ಟುಕೊಂಡು, ಕಿವಿ ಮೆತ್ತೆ ಹಳೆಯದಾಗಿ ಚಪ್ಪಟೆ ಆಗಿದೆಯಾ ನೋಡಿ. ಹಳೇ ಮೆತ್ತೆಯಿಂದ ಡ್ರೈವರ್ ಕಿವಿಗೆ ಹತ್ತಿರ ಬರುತ್ತದೆ, ಅಂಚಿನಲ್ಲಿ ಗಾಳಿ ಸೋರುತ್ತದೆ, ಬೇಸ್ ಟ್ರೆಬಲ್ ಎರಡೂ ಬದಲಾಗುತ್ತವೆ. ನೀವು ಕನ್ನಡಕ ಹಾಕುವವರಾದರೆ ಒಮ್ಮೆ ತೆಗೆದಿಟ್ಟು ಅದೇ ಹಾಡು ಕೇಳಿ. ತೆಳು ಬೇಸ್‌ನ ಒಂದು ಭಾಗ ಅಲ್ಲೇ ಸಿಕ್ಕಿಬಿಡಬಹುದು. ಈಕ್ವಲೈಸರ್ ಹೊಂದಿಸುವುದು ಮೆತ್ತೆ ಬದಲಿಸಿದ ಮೇಲೆ, ಮೊದಲಲ್ಲ.